ಅಲರ್ಜಿ ಆಗಿದ್ದು ಯಾವ ಔಷಧಕ್ಕೆ?

ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗಳನ್ನು ನೋಡಲು ಕುಳಿತಾಗ ನಾನು ಮೊದಲು ಕೇಳುವುದು ಹಳೆಯ ಕಾಗದಗಳನ್ನು. ದಾವಣಗೆರೆಗೆ ಸುತ್ತಲಿನ ತಾಲ್ಲೂಕುಗಳಿಂದ ಬರುವವರು ಅವನ್ನು ಬಟ್ಟೆ ಅಂಗಡಿಯ ಚೀಲದಲ್ಲಿ ಜೋಪಾನವಾಗಿ ತರುತ್ತಾರೆ. ಎಕ್ಸ್‌ರೇ, ಸ್ಕ್ಯಾನಿಂಗ್ ವರದಿ, ಔಷಧದ ಬಿಲ್ಲು, ಡಿಸ್ಚಾರ್ಜ್ ಚೀಟಿ ಎಲ್ಲವೂ ಅದರೊಳಗೆ ಇರುತ್ತವೆ. ಆ ಚೀಟಿಗಳಲ್ಲಿ ನನ್ನನ್ನು ಬಹಳ ಕಳವಳಕ್ಕೆ ಒಳಪಡಿಸುವುದು ಎರಡು ಪದಗಳ ಒಂದು ಸಾಲು: ಅನಸ್ತೇಷಿಯಾ ಅಲರ್ಜಿ. ಯಾವ ಔಷಧಕ್ಕೆ, ಕೊಟ್ಟ ಎಷ್ಟು ಹೊತ್ತಿಗೆ, ಏನೇನು ಆಯಿತು ಎಂಬುದು ಒಂದೂ ಇರುವುದಿಲ್ಲ. ರೋಗಿಗೂ ಅಷ್ಟೇ ಗೊತ್ತಿರುತ್ತದೆ. ‘ನನಗೆ ಅನಸ್ತೇಷಿಯಾ ಆಗಿಬರುವುದಿಲ್ಲವಂತೆ’ ಎಂದು ಹೇಳಿ ಸುಮ್ಮನೆ ಮುಖ ನೋಡುತ್ತಾರೆ.

ಅನಸ್ತೇಷಿಯಾ ಎಂಬುದು ಒಂದು ಔಷಧವಲ್ಲ. ಪೂರ್ಣ ಅರಿವಳಿಕೆ ಕೊಡುವಾಗ ಕಾಲು ಗಂಟೆಯೊಳಗೆ ಏನೆಲ್ಲ ದೇಹಕ್ಕೆ ಸೇರುತ್ತದೆ ನೋಡಿ. ಜೊಲ್ಲು ಕಡಿಮೆಯಾಗಲು ಗ್ಲೈಕೊಪೈರೊಲೇಟ್, ಆತಂಕ ಇಳಿಯಲು ಮಿಡಜೋಲಮ್, ನೋವಿಗೆ ಫೆಂಟನಿಲ್, ವಾಂತಿ ಬಾರದಿರಲು ಆಂಡನ್‌ಸೆಟ್ರಾನ್, ನಿದ್ದೆಗೆ ಪ್ರೊಪೊಫಾಲ್, ಸ್ನಾಯು ಸಡಿಲಗೊಳ್ಳಲು ಅಟ್ರಾಕ್ಯೂರಿಯಂ ಅಥವಾ ವೆಕ್ಯುರೋನಿಯಂ, ಸೋಂಕು ತಗುಲದಿರಲು ಒಂದು ಆಂಟಿಬಯೋಟಿಕ್. ಇವು ರಕ್ತನಾಳದ ಮೂಲಕ ಹೋಗುವಂಥವು. ಇವುಗಳ ಜೊತೆಗೆ ಕೈಗವಸಿನ ಲ್ಯಾಟೆಕ್ಸ್ ಇದೆ, ಚರ್ಮ ಒರೆಸುವ ಕ್ಲೋರ್‌ಹೆಕ್ಸಿಡಿನ್ ಇದೆ, ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಬಳಸುವ ನೀಲಿ ಬಣ್ಣವಿದೆ. ಇವುಗಳಲ್ಲಿ ಯಾವುದಕ್ಕೆ ಬೇಕಾದರೂ ದೇಹ ತಿರುಗಿಬೀಳಬಹುದು. ಅಷ್ಟನ್ನೂ ಸೇರಿಸಿ ‘ಅನಸ್ತೇಷಿಯಾ ಅಲರ್ಜಿ’ ಎಂದು ಬರೆದರೆ ಮುಂದಿನ ವೈದ್ಯರಿಗೆ ಹೆದರಿಕೆ ಹುಟ್ಟುತ್ತದೆಯೇ ಹೊರತು ಮಾಹಿತಿ ಸಿಗುವುದಿಲ್ಲ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಅಂಥದ್ದೇ ಚೀಟಿ ಹಿಡಿದು ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ಅಮ್ಮ ಬಂದಿದ್ದರು. ನಲವತ್ತೈದರ ಆಸುಪಾಸು ವಯಸ್ಸು. ಪಿತ್ತಕೋಶದಲ್ಲಿ ಕಲ್ಲು. ಶ್ರಾವಣದ ಹೊತ್ತಿಗೆ ಬೇರೊಂದು ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿ, ಹೊಟ್ಟೆ ಕೊಯ್ಯುವ ಮೊದಲೇ ರಕ್ತದೊತ್ತಡ ಕುಸಿದು, ಎರಡು ದಿನ ಐಸಿಯುನಲ್ಲಿ ಇಟ್ಟು, ಕಲ್ಲನ್ನು ಹಾಗೆಯೇ ಬಿಟ್ಟು ಮನೆಗೆ ಕಳುಹಿಸಿದ್ದರು. ಆಮೇಲೆ ಎರಡು ಕಡೆ ಹೋದರೂ ಚೀಟಿ ನೋಡಿದವರು ಬೇಡವೆಂದರಂತೆ. ಅವರನ್ನು ನಾನು ದೂರುವುದಿಲ್ಲ. ಆ ಸಾಲು ಓದಿದ ಯಾರಿಗಾದರೂ ಕೈ ಹಿಂದೆ ಸರಿಯುತ್ತದೆ. ಆದರೆ ನೋವು ಸರಿಯಲಿಲ್ಲ. ಎಣ್ಣೆ ಪದಾರ್ಥ ಬಿಟ್ಟರು, ಮಿರ್ಚಿ ಮಂಡಕ್ಕಿ ಬಿಟ್ಟರು, ಕೊನೆಗೆ ರಾತ್ರಿಯ ಊಟವನ್ನೇ ಬಿಟ್ಟಿದ್ದರು. ಮೆಕ್ಕೆಜೋಳದ ಕಟಾವು ಮುಗಿಯಲಿ ಎಂದು ಕಾದು, ಮಗಳೊಂದಿಗೆ ಬಂದಿದ್ದರು. ಮಗಳು ತುಂಬು ಗರ್ಭಿಣಿ, ಹೆರಿಗೆಗೆಂದು ತವರಿಗೆ ಬಂದವಳು.

‘ನನ್ನ ಮೈಗೆ ಮತ್ತಿನ ಔಷಧ ಆಗುವುದಿಲ್ಲವಂತೆ ಮೇಡಂ. ಮತ್ತು ಕೊಡದೆ ಕಲ್ಲು ತೆಗೆಯಲು ಬರುತ್ತದೆಯೇ?’ ಎಂದು ಅವರು ಕೇಳಿದರು.

ನನಗೆ ಬೇಕಾಗಿದ್ದುದು ಆ ದಿನದ ಅರಿವಳಿಕೆ ದಾಖಲೆ. ನಾವು ಪ್ರತಿ ರೋಗಿಗೂ ಒಂದು ಹಾಳೆ ತುಂಬುತ್ತೇವೆ. ಔಷಧ, ಪ್ರಮಾಣ, ಸಮಯ, ಐದೈದು ನಿಮಿಷಕ್ಕೆ ನಾಡಿ ಮತ್ತು ರಕ್ತದೊತ್ತಡ. ಡಿಸ್ಚಾರ್ಜ್ ಚೀಟಿಯ ಜೊತೆಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ರೋಗಿಗಳಿಗೆ ಅಂಥದ್ದೊಂದು ಇದೆ ಎಂಬುದೂ ತಿಳಿದಿರುವುದಿಲ್ಲ. ಅಮ್ಮನ ಮಗನ ಕೈಯಲ್ಲಿ ಆ ಆಸ್ಪತ್ರೆಗೆ ಪತ್ರ ಕೊಟ್ಟು ಕಳುಹಿಸಿದೆ. ಅರಿವಳಿಕೆ ಹಾಳೆ ಮಾತ್ರವಲ್ಲ, ಇಡೀ ಕೇಸ್ ಶೀಟಿನ ಝೆರಾಕ್ಸ್ ಬೇಕು ಎಂದು ಬರೆದಿದ್ದೆ. ಆಸ್ಪತ್ರೆಯವರು ಒಂದು ಮಾತೂ ಆಡದೆ ಕೊಟ್ಟರು. ರೋಗಿಗೆ ಅದರ ಪ್ರತಿ ಪಡೆಯುವ ಹಕ್ಕಿದೆ ಎಂಬುದನ್ನು ಓದುವವರು ನೆನಪಿಡಬೇಕು.

ಹಾಳೆಯಲ್ಲಿ ಹೀಗಿತ್ತು. 10.05ಕ್ಕೆ ಗ್ಲೈಕೊಪೈರೊಲೇಟ್, ಮಿಡಜೋಲಮ್, ಫೆಂಟನಿಲ್. 10.10ಕ್ಕೆ ಪ್ರೊಪೊಫಾಲ್, ಅಟ್ರಾಕ್ಯೂರಿಯಂ. 10.15ಕ್ಕೆ ಉಸಿರಿನ ಕೊಳವೆ ಸರಿಯಾಗಿ ಕುಳಿತಿದೆ, ಎರಡೂ ಕಡೆ ಗಾಳಿ ಸಮನಾಗಿ ಹೋಗುತ್ತಿದೆ. ರಕ್ತದೊತ್ತಡ 110/70. 10.20ಕ್ಕೂ ಅಷ್ಟೇ. 10.30ಕ್ಕೆ 60/30, ನಾಡಿ 140, ಉಸಿರು ಕೊಡುವ ಚೀಲ ಒತ್ತಿದರೆ ಗಾಳಿ ಒಳಗೆ ಹೋಗುವುದು ಕಷ್ಟ, ರಕ್ತದಲ್ಲಿ ಆಮ್ಲಜನಕ ಶೇ 88. ಮುಂದಿನ ಸಾಲಿನಲ್ಲೇ, ಕುಸಿದ ಒತ್ತಡವನ್ನು ಏರಿಸುವ ಅಡ್ರಿನಲಿನ್. ಮತ್ತೆ ಅಡ್ರಿನಲಿನ್. ಎರಡು ಲೀಟರ್ ದ್ರವ. ಶಸ್ತ್ರಚಿಕಿತ್ಸೆ ನಿಲ್ಲಿಸಲಾಗಿದೆ. 10.50ಕ್ಕೆ ರಕ್ತದೊತ್ತಡ 100/60, ಎದೆ ಮತ್ತು ಹೊಟ್ಟೆಯ ಮೇಲೆ ಗಂದೆಗಳು ಕಾಣಿಸಿವೆ.

ಆ ದಿನ ಅಲ್ಲಿದ್ದ ಅರಿವಳಿಕೆ ವೈದ್ಯರು ಆಕೆಯ ಜೀವ ಉಳಿಸಿದ್ದಾರೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಂಥ ಹೊತ್ತಿನಲ್ಲಿ ಅಲರ್ಜಿ ಎಂದು ಹೊಳೆಯುವುದೇ ಕಷ್ಟ. ಎಚ್ಚರವಿರುವ ಮನುಷ್ಯ ‘ಮೈ ತುರಿಸುತ್ತಿದೆ, ಗಂಟಲು ಕಟ್ಟುತ್ತಿದೆ’ ಎಂದು ಹೇಳಿಬಿಡುತ್ತಾನೆ. ನಮ್ಮ ಮುಂದೆ ಮಲಗಿದವರು ಹೇಳಲಾರರು. ಮೈಯೆಲ್ಲ ಹಸಿರು ಬಟ್ಟೆಯಡಿ ಮುಚ್ಚಿರುತ್ತದೆ. ರಕ್ತದೊತ್ತಡ ಇಳಿಯಲು ಬೇರೆ ಕಾರಣಗಳೂ ಹೇರಳ: ಪ್ರೊಪೊಫಾಲ್ ತಾನೇ ಇಳಿಸುತ್ತದೆ, ರಕ್ತಸ್ರಾವ ಇಳಿಸುತ್ತದೆ, ಉಪವಾಸವಿದ್ದ ಮೈ ಒಣಗಿದ್ದರೂ ಇಳಿಯುತ್ತದೆ. ಉಸಿರು ಬಿಗಿಯಾದರೆ ಅಸ್ತಮಾ ಇರಬಹುದು, ಕೊಳವೆ ಒಳಕ್ಕೆ ಜಾರಿರಬಹುದು, ಅರಿವಳಿಕೆಯ ಆಳ ಸಾಲದೇ ಇರಬಹುದು. ಗಂದೆಯನ್ನೇ ಕಾದು ಕುಳಿತರೆ ಕೆಟ್ಟಿತು. ರಕ್ತದೊತ್ತಡ ತೀರ ಕುಸಿದಾಗ ಚರ್ಮಕ್ಕೆ ರಕ್ತವೇ ಹರಿಯುವುದಿಲ್ಲ, ಗಂದೆ ಏಳಲು ರಕ್ತ ಬೇಕಲ್ಲ? ಅಡ್ರಿನಲಿನ್ ಕೊಟ್ಟು ಒತ್ತಡ ಮೇಲೆ ಬಂದ ನಂತರವೇ ಎಷ್ಟೋ ಸಲ ಚರ್ಮ ಕೆಂಪಾಗುತ್ತದೆ. ಈ ಅಮ್ಮನ ಹಾಳೆಯಲ್ಲೂ ಅದು ಹಾಗೆಯೇ ನಡೆದಿದೆ. ಉಸಿರಿನೊಂದಿಗೆ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಗೆರೆ ಥಟ್ಟನೆ ಕೆಳಗಿಳಿದರೆ ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಶ್ವಾಸಕೋಶಕ್ಕೆ ರಕ್ತ ತಲುಪುತ್ತಿಲ್ಲ ಎಂದು ಅದು ಹೇಳುತ್ತದೆ.

ಡಿಸ್ಚಾರ್ಜ್ ಬರೆದವರು ಅನುಮಾನಪಟ್ಟಿದ್ದು ಅಟ್ರಾಕ್ಯೂರಿಯಂ ಮೇಲೆ ಇರಬೇಕು. ಅದು ಸಹಜ. ಫ್ರಾನ್ಸಿನ ವರದಿಗಳಲ್ಲಿ ಸ್ನಾಯು ಸಡಿಲಿಸುವ ಔಷಧಗಳೇ ಮೊದಲ ಸಾಲಿನಲ್ಲಿವೆ. ಆದರೆ ನನಗೆ 10.10 ಮತ್ತು 10.30ರ ನಡುವಿನ ಅಂತರ ಸರಿಕಾಣಲಿಲ್ಲ. ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು 2015ರ ಕೊನೆಯಿಂದ ಒಂದು ವರ್ಷ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಂದ ಇಂಥ ತೀವ್ರ ಪ್ರಕರಣಗಳನ್ನೆಲ್ಲ ಕಲೆಹಾಕಿತು. 2018ರಲ್ಲಿ ವರದಿ ಬಂತು. ಸುಮಾರು ಹತ್ತು ಸಾವಿರ ಅರಿವಳಿಕೆಗಳಿಗೆ ಒಂದು. ಪರಿಶೀಲಿಸಿದ 266 ಪ್ರಕರಣಗಳಲ್ಲಿ 10 ಸಾವು. ಮೂರರಲ್ಲಿ ಎರಡು ಪಾಲು ಪ್ರಕರಣಗಳು ಔಷಧ ಕೊಟ್ಟ ಐದು ನಿಮಿಷದೊಳಗೇ ಶುರುವಾಗಿದ್ದವು. ಕಾರಣ ಪತ್ತೆಯಾದವುಗಳಲ್ಲಿ ಆಂಟಿಬಯೋಟಿಕ್‌ಗಳದ್ದು ಶೇ 47, ಸ್ನಾಯು ಸಡಿಲಿಸುವ ಔಷಧಗಳದ್ದು ಶೇ 33, ಕ್ಲೋರ್‌ಹೆಕ್ಸಿಡಿನ್‌ನದ್ದು ಶೇ 9. ಹಾಗಾದರೆ ಈ ಅಮ್ಮನಿಗೆ ಕೊಟ್ಟ ಆಂಟಿಬಯೋಟಿಕ್ ಎಲ್ಲಿ? ಅರಿವಳಿಕೆ ಹಾಳೆಯಲ್ಲಿ ಅದರ ಹೆಸರೇ ಇರಲಿಲ್ಲ.

ಅದು ಸಿಕ್ಕಿದ್ದು ಕೇಸ್ ಶೀಟಿನ ಹಿಂಬದಿಯಲ್ಲಿ, ದಾದಿಯರು ಔಷಧ ಕೊಟ್ಟ ಹೊತ್ತನ್ನು ಬರೆಯುವ ಪುಟದಲ್ಲಿ. ನೀಲಿ ಪೆನ್ನಿನ ಸಣ್ಣ ಅಕ್ಷರಗಳು: ಸೆಫ್ಟ್ರಿಯಾಕ್ಸೋನ್ 1 ಗ್ರಾಂ, ರಕ್ತನಾಳಕ್ಕೆ, 10.25. ಪಕ್ಕದಲ್ಲಿ ಸಹಿ. ಕೆಳಗೆ ಬೆಳಗಿನ ಹೊತ್ತಿನ ಇನ್ನೊಂದು ಸಾಲು: ಟೆಸ್ಟ್ ಡೋಸ್, ನೆಗೆಟಿವ್. ಕೊಳವೆ ಹಾಕಿ ರೋಗಿ ಸಿದ್ಧವಾದ ಮೇಲೆ ಡ್ರಿಪ್ಪಿನ ಮೂಲಕ ಸಿಸ್ಟರ್ ಕೊಟ್ಟಿದ್ದಾರೆ, ತಮ್ಮ ಪುಟದಲ್ಲಿ ನಿಷ್ಠೆಯಿಂದ ಸಮಯ ಬರೆದಿದ್ದಾರೆ. ಆ ನಿಷ್ಠೆ ಇಲ್ಲದಿದ್ದರೆ ನಾನು ಅಟ್ರಾಕ್ಯೂರಿಯಂ ಹಿಂದೆಯೇ ಅಲೆಯುತ್ತಿದ್ದೆ.

ಟೆಸ್ಟ್ ಡೋಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಆಸ್ಪತ್ರೆಗಳಲ್ಲಿ ಮುಂಗೈಗೆ ಸ್ವಲ್ಪ ಔಷಧ ಚುಚ್ಚಿ, ಪೆನ್ನಿನಲ್ಲಿ ಸುತ್ತ ಒಂದು ವೃತ್ತ ಬರೆದು, ಆಮೇಲೆ ಬಂದು ನೋಡುವ ಪದ್ಧತಿ ಇದೆ. ಎಲ್ಲರಿಗೂ ಅದರಲ್ಲಿ ಅಪಾರ ನಂಬಿಕೆ. ಆದರೆ ಎಷ್ಟು ತೆಳುಮಾಡಿದ ಔಷಧ, ಚರ್ಮದೊಳಗೆ ಹೋಯಿತೋ ಚರ್ಮದಡಿಗೆ ಹೋಯಿತೋ, ಹೋಲಿಸಲು ಪಕ್ಕದಲ್ಲಿ ಬರಿಯ ಸಲೈನ್ ಚುಚ್ಚಿದ್ದಾರೋ ಇಲ್ಲವೋ, ಎಷ್ಟು ನಿಮಿಷದ ಮೇಲೆ ನೋಡಿದರು, ಉಬ್ಬನ್ನು ಅಳೆದರೋ ಕಣ್ಣಂದಾಜೋ ಎಂಬುದು ಕೈಯಿಂದ ಕೈಗೆ ಬದಲಾಗುತ್ತದೆ. ಈ ಅಮ್ಮನನ್ನು ಕೇಳಿದೆ. ‘ಸಿಸ್ಟರ್ ಚುಚ್ಚಿ ಹೋದರು, ವಾರ್ಡಿನಲ್ಲಿ ಬಹಳ ಜನ ಇದ್ದರು, ಆಮೇಲೆ ಬಂದು ನೋಡಿ ಸರಿ ಇದೆ ಎಂದರು’ ಎಂದರು. ಬೆಳಗಿನ ವಾರ್ಡಿನ ಗದ್ದಲ ನನಗೂ ಗೊತ್ತು. ನಾನು ಹೇಳುವುದಿಷ್ಟೇ: ಹಾಗೆ ಮಾಡಿದ ಪರೀಕ್ಷೆ ನೆಗೆಟಿವ್ ಬಂದಿತೆಂದು ಆ ಔಷಧವನ್ನು ಅನುಮಾನದ ಪಟ್ಟಿಯಿಂದ ಬಿಡಬಾರದು. ಅದೇ ರೀತಿ ಗಟ್ಟಿ ಔಷಧ ಚುಚ್ಚಿ ಚರ್ಮ ಕೆರಳಿದ್ದಕ್ಕೆ ಜೀವನಪೂರ್ತಿ ‘ಅಲರ್ಜಿ’ ಎಂದು ಬರೆಯಲೂ ಬಾರದು.

ಸಮಯ ಹೊಂದಿತು ಎಂದ ಮಾತ್ರಕ್ಕೆ ಸೆಫ್ಟ್ರಿಯಾಕ್ಸೋನ್ ಎಂದು ತೀರ್ಪು ಕೊಡುವಂತಿಲ್ಲ. ಆ ದಿನ ಮೈಗೆ ಸೇರಿದ ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಚರ್ಮದ ಪರೀಕ್ಷೆಯನ್ನು ಪ್ರತಿಕ್ರಿಯೆ ಆದ ನಾಲ್ಕರಿಂದ ಆರು ವಾರಗಳ ನಂತರ ಮಾಡುವುದು ವಾಡಿಕೆ. ಅಲರ್ಜಿಯ ರಾಸಾಯನಿಕಗಳನ್ನು ಹೊತ್ತ ಮಾಸ್ಟ್ ಕೋಶಗಳು ಒಮ್ಮೆ ಬರಿದಾದ ಮೇಲೆ ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ಬೇಗ ಮಾಡಿದರೆ ಪಾಸಿಟಿವ್ ಬಂದದ್ದನ್ನು ನಂಬಬಹುದು, ನೆಗೆಟಿವ್ ಬಂದದ್ದನ್ನು ನಂಬಲಾಗದು. ಈ ಅಮ್ಮನಿಗೆ ಆ ಅವಧಿ ದಾಟಿತ್ತು.

ಚರ್ಮರೋಗ ವಿಭಾಗದ ನನ್ನ ಸಹೋದ್ಯೋಗಿ ಇಂಥ ಕೆಲಸದಲ್ಲಿ ಬಹಳ ತಾಳ್ಮೆಯವರು. ಪರೀಕ್ಷೆಯನ್ನು ಹೊರರೋಗಿ ಕೋಣೆಯಲ್ಲಿ ಮಾಡದೆ, ಮಾನಿಟರ್, ಆಮ್ಲಜನಕ, ತುಂಬಿಟ್ಟ ಅಡ್ರಿನಲಿನ್ ಸಿರಿಂಜ್ ಎಲ್ಲವೂ ಕೈಗೆಟಕುವ ಚೇತರಿಕೆ ಕೊಠಡಿಯಲ್ಲಿ ಮಾಡಿದೆವು. ಮೊದಲು ಮುಂಗೈ ಮೇಲೆ ಎರಡು ಹನಿ: ಒಂದು ಸಲೈನ್, ಇನ್ನೊಂದು ಅಲರ್ಜಿಯಲ್ಲಿ ಮಾಸ್ಟ್ ಕೋಶಗಳಿಂದ ಹೊರಬರುವ ರಾಸಾಯನಿಕವಾದ ಹಿಸ್ಟಮಿನ್. ಸಲೈನ್ ಇಟ್ಟಲ್ಲಿ ಏನೂ ಏಳಬಾರದು, ಹಿಸ್ಟಮಿನ್ ಇಟ್ಟಲ್ಲಿ ಸೊಳ್ಳೆ ಕಚ್ಚಿದಂತೆ ಏಳಲೇಬೇಕು. ಹದಿನೈದು ನಿಮಿಷ ಕಳೆದರೂ ಹಿಸ್ಟಮಿನ್ ಜಾಗ ಚಪ್ಪಟೆಯಾಗಿಯೇ ಇತ್ತು. ಇದೇಕೆ ಹೀಗೆ ಎಂದು ನೋಡುತ್ತಿರುವಾಗ ಮಗಳು ಚೀಲದಿಂದ ಮಾತ್ರೆಯ ಪಟ್ಟಿ ತೆಗೆದಳು. ನೆಗಡಿಗೆಂದು ಊರಿನ ಅಂಗಡಿಯಲ್ಲಿ ಕೊಂಡದ್ದು, ಹಿಂದಿನ ರಾತ್ರಿಯೂ ನುಂಗಿದ್ದರು. ಅದರೊಳಗೆ ಹಿಸ್ಟಮಿನ್ ಕೆಲಸವನ್ನು ತಡೆಯುವ ಅಲರ್ಜಿ ಔಷಧ ಸೆಟ್ರಿಜಿನ್ ಇತ್ತು. ಅಲರ್ಜಿ ಔಷಧ ನಿಲ್ಲಿಸಿ ಎಂದು ಹೇಳಿದ್ದೆವು, ಅವರು ನಿಲ್ಲಿಸಿದ್ದರು. ನೆಗಡಿ ಮಾತ್ರೆಯೊಳಗೂ ಅದೇ ಇರುತ್ತದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ವಾರ ಕಳೆದು ಬರಲು ಹೇಳಿದೆವು. ಅಂದಿನಿಂದ ನಾವು ಕೊಡುವ ಸೂಚನೆಯ ಚೀಟಿಯಲ್ಲಿ ‘ನೆಗಡಿ, ಕೆಮ್ಮು, ತುರಿಕೆ, ನಿದ್ದೆಯ ಮಾತ್ರೆಗಳು ಯಾವುವೇ ಇರಲಿ, ಪಟ್ಟಿ ತಂದು ತೋರಿಸಿ’ ಎಂದು ಸೇರಿಸಿದ್ದೇವೆ.

ಎರಡನೆಯ ಸಲ ಹಿಸ್ಟಮಿನ್ ಜಾಗ ಚೆನ್ನಾಗಿ ಎದ್ದಿತು. ಆಮೇಲಿನದು ತೆಳುಮಾಡುವ ಕೆಲಸ. ಅಟ್ರಾಕ್ಯೂರಿಯಂ ನಮ್ಮಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ಆಂಪೂಲ್‌ನಲ್ಲಿ ಬರುತ್ತದೆ. ಚರ್ಮದ ಮೇಲೆ ಹನಿ ಇಟ್ಟು ಚುಚ್ಚುವ ಪರೀಕ್ಷೆಗೆ ಅದನ್ನು ಹತ್ತು ಪಟ್ಟು ತೆಳುಮಾಡಬೇಕು, ಚರ್ಮದೊಳಗೆ ಕೊಡುವ ಪರೀಕ್ಷೆಗೆ ಸಾವಿರ ಪಟ್ಟು. ಇಷ್ಟೇಕೆ ಎಂದರೆ, ಅಟ್ರಾಕ್ಯೂರಿಯಂನಂಥ ಔಷಧಗಳು ಅಲರ್ಜಿಯೇ ಇಲ್ಲದವರ ಚರ್ಮದಲ್ಲೂ ಮಾಸ್ಟ್ ಕೋಶಗಳನ್ನು ನೇರವಾಗಿ ಕೆರಳಿಸಬಲ್ಲವು. ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯದ ನೆರವಿಲ್ಲದೆ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ 2015ರಲ್ಲಿ ಒಂದು ದಾರಿ ತಿಳಿಯಿತು. ಮಾಸ್ಟ್ ಕೋಶದ ಮೇಲಿರುವ ಎಂಆರ್‌ಜಿಪಿಆರ್‌ಎಕ್ಸ್2 ಎಂಬ ಗ್ರಾಹಕಕ್ಕೆ ಇವು ಸೀದಾ ಅಂಟಿಕೊಳ್ಳುತ್ತವೆ. ಆದ್ದರಿಂದ ಗಟ್ಟಿ ಔಷಧದಿಂದ ಪರೀಕ್ಷಿಸಿದರೆ ನನ್ನ ಕೈಯೂ ಉಬ್ಬುತ್ತದೆ, ನಿಮ್ಮದೂ ಉಬ್ಬುತ್ತದೆ. ಹೀಗಾಗಿ ಒಂದೊಂದು ಔಷಧಕ್ಕೂ ಇಂತಿಷ್ಟೇ ಎಂದು ಒಪ್ಪಿತವಾದ ಅಳತೆ ಇದೆ. ವೆಕ್ಯುರೋನಿಯಂಗೆ ಒಳಚರ್ಮದ ಪರೀಕ್ಷೆಯಲ್ಲಿ ಹತ್ತು ಪಟ್ಟು ಸಾಕು, ಸ್ನಾಯು ಸಡಿಲಿಸುವ ಇನ್ನೊಂದು ಔಷಧ ರೊಕ್ಯುರೋನಿಯಂಗೆ ಇನ್ನೂರು ಪಟ್ಟು. ಸೆಫ್ಟ್ರಿಯಾಕ್ಸೋನ್‌ಗೆ ನಾವು ಬಳಸಿದ್ದು ಮಿಲಿಲೀಟರಿಗೆ 2 ಮಿಲಿಗ್ರಾಂ. ಸಿಸ್ಟರ್ ಪ್ರತಿ ಸಿರಿಂಜಿಗೂ ಪ್ಲಾಸ್ಟರ್ ಅಂಟಿಸಿ ಹೆಸರು, ಪ್ರಮಾಣ ಬರೆಯುತ್ತ ಹೋದರು. ತಟ್ಟೆಯಲ್ಲಿ ಸಾಲಾಗಿ ಇಟ್ಟ ಆ ಸಿರಿಂಜುಗಳನ್ನು ನಾವಿಬ್ಬರೂ ಗಟ್ಟಿಯಾಗಿ ಓದಿ ತಾಳೆ ನೋಡಿದೆವು. ಇಲ್ಲಿ ಒಂದು ಸೊನ್ನೆ ತಪ್ಪಿದರೆ ಇಡೀ ಪರೀಕ್ಷೆ ವ್ಯರ್ಥ.

ಹನಿ ಚುಚ್ಚಿದ ಪರೀಕ್ಷೆಯಲ್ಲಿ ಯಾವುದೂ ಏಳಲಿಲ್ಲ. ಒಳಚರ್ಮದ ಪರೀಕ್ಷೆಗೆ ಹೋದೆವು. ಪ್ರೊಪೊಫಾಲ್, ಫೆಂಟನಿಲ್, ಮಿಡಜೋಲಮ್, ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ ಎಲ್ಲವೂ ಚುಚ್ಚಿದಾಗ ಎದ್ದ ಸಣ್ಣ ಗುಳ್ಳೆ ಇಳಿದು ಸಪಾಟಾದವು. ಸೆಫ್ಟ್ರಿಯಾಕ್ಸೋನ್ ಗುಳ್ಳೆ ಇಳಿಯಲಿಲ್ಲ. ಅಂಚು ನಿಧಾನವಾಗಿ ಹರಡಿತು, ಸುತ್ತ ಕೆಂಪು ಕಟ್ಟಿತು, ಅಮ್ಮ ಇನ್ನೊಂದು ಕೈಯನ್ನು ಅಲ್ಲಿಗೆ ಒಯ್ದರು, ‘ಇದೊಂದು ತುರಿಸುತ್ತಿದೆ’ ಎಂದರು. ಇಪ್ಪತ್ತು ನಿಮಿಷಕ್ಕೆ ಪೆನ್ನಿನಲ್ಲಿ ಅಂಚು ಗುರುತಿಸಿ ಅಳತೆಪಟ್ಟಿ ಇಟ್ಟೆವು. ಮೊದಲ ಗುಳ್ಳೆಗಿಂತ ಮೂರು ಮಿಲಿಮೀಟರ್ ಹಿಗ್ಗಿದರೆ ಪಾಸಿಟಿವ್ ಎನ್ನುತ್ತೇವೆ. ಇದು ಅದರ ಎರಡು ಪಟ್ಟಿಗೂ ಮೀರಿ ಹಿಗ್ಗಿತ್ತು. ಆ ಗುರುತಿನ ಮೇಲೆ ಪಾರದರ್ಶಕ ಟೇಪು ಅಂಟಿಸಿ ಕಿತ್ತು ಅವರ ಫೈಲಿನಲ್ಲಿ ಅಂಟಿಸಿದ್ದೇವೆ, ಮುಂದೆ ಯಾರು ಕೇಳಿದರೂ ತೋರಿಸಲು.

ಸಂಭವಿಸಿದ ದಿನವೇ ಒಂದು ರಕ್ತದ ಮಾದರಿ ತೆಗೆದಿಟ್ಟಿದ್ದರೆ ನಮ್ಮ ಕೆಲಸ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಮಾಸ್ಟ್ ಕೋಶ ಕೆರಳಿದಾಗ ಹೊರಬರುವ ಹಿಸ್ಟಮಿನ್ ನಿಮಿಷಗಳಲ್ಲಿ ಮಾಯವಾಗುತ್ತದೆ, ಜೊತೆಗೆ ಬರುವ ಟ್ರಿಪ್ಟೇಸ್ ಕೆಲವು ಗಂಟೆ ರಕ್ತದಲ್ಲಿ ಉಳಿಯುತ್ತದೆ. ರೋಗಿ ಸ್ವಲ್ಪ ಸುಧಾರಿಸಿದ ಕೂಡಲೇ, ಒಂದೆರಡು ಗಂಟೆಯೊಳಗೆ, ತಡವಾದರೂ ನಾಲ್ಕು ಗಂಟೆ ಮೀರದಂತೆ ಒಂದು ಮಾದರಿ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಇನ್ನೊಂದು. ಅವರವರ ಮೈಯಲ್ಲಿ ಸದಾ ಇರುವ ಮಟ್ಟ ಎಷ್ಟು ಎಂದು ಎರಡನೆಯದು ಹೇಳುತ್ತದೆ. ಆ ಮಟ್ಟವನ್ನು 1.2ರಿಂದ ಗುಣಿಸಿ 2 ಕೂಡಿಸಿ. ಮೊದಲ ಮಾದರಿ ಅದಕ್ಕಿಂತ ಹೆಚ್ಚಿದ್ದರೆ ಮಾಸ್ಟ್ ಕೋಶಗಳು ಕೆರಳಿದ್ದು ನಿಜ. ಈ ಲೆಕ್ಕ ಏಕೆ ಬೇಕೆಂದರೆ, ಸದಾ 5 ಇರುವವರಿಗೆ ಆ ದಿನ 9 ಬಂದರೆ ಲ್ಯಾಬ್ ವರದಿಯಲ್ಲಿ ‘ನಾರ್ಮಲ್’ ಎಂದೇ ಅಚ್ಚಾಗಿ ಬರುತ್ತದೆ, ಏಕೆಂದರೆ 11.4ರ ತನಕ ಸಾಮಾನ್ಯವೆಂದು ಅಲ್ಲಿ ನಮೂದಾಗಿರುತ್ತದೆ. ಆದರೆ ಲೆಕ್ಕದ ಪ್ರಕಾರ 8 ದಾಟಿದೆ, ಅದು ನಾರ್ಮಲ್ ಅಲ್ಲ. ಎಲ್ಲರಿಗೂ ಒಂದೇ ಗೆರೆ ಎಳೆದು ನೋಡಿದರೆ ಇಂಥವರು ತಪ್ಪಿಹೋಗುತ್ತಾರೆ. ಟ್ರಿಪ್ಟೇಸ್ ಏರದಿದ್ದರೆ ಅಲರ್ಜಿಯೇ ಅಲ್ಲ ಎಂದೂ ಹೇಳಲಾಗದು, ಏರದೆಯೂ ಆಗುತ್ತದೆ.

ನಾವು ಕೆಲಸ ಮಾಡುವ ಊರಿನಲ್ಲಿ ಈ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳುಹಿಸಬೇಕು. ಆಗದ ಕೆಲಸವೇನಲ್ಲ. ರಕ್ತ ತೆಗೆದು, ಸೀರಂ ಬೇರ್ಪಡಿಸಿ, ಫ್ರಿಡ್ಜಿನಲ್ಲಿಟ್ಟು, ಮಾರನೆಯ ದಿನ ಎರಡೂ ಮಾದರಿಗಳನ್ನು ಒಟ್ಟಿಗೆ ಕಳುಹಿಸಬಹುದು. ಗಾಬರಿಯ ಹೊತ್ತಿನಲ್ಲಿ ನೆನಪಾಗುವುದು ಕಷ್ಟ. ಆದ್ದರಿಂದ ನಮ್ಮ ಒ.ಟಿ.ಯಲ್ಲಿ ಅಡ್ರಿನಲಿನ್ ಇಟ್ಟ ಡಬ್ಬಿಯಲ್ಲೇ ಎರಡು ಟ್ಯೂಬುಗಳನ್ನು ಹೆಸರಿನ ಚೀಟಿ ಸಮೇತ ಇಟ್ಟಿದ್ದೇವೆ. ಔಷಧಕ್ಕೆ ಕೈ ಹಾಕಿದವರಿಗೆ ಟ್ಯೂಬ್ ಕಾಣಲೇಬೇಕು. ಚಿತ್ರದುರ್ಗದ ಒಂದೆರಡು ನರ್ಸಿಂಗ್ ಹೋಮ್‌ಗಳ ಗೆಳೆಯರೂ ಹಾಗೆಯೇ ಮಾಡಿದ್ದಾರೆ. ಈ ಅಮ್ಮನಿಗೆ ನಾವು ತಡವಾಗಿಯಾದರೂ ಸದಾ ಇರುವ ಮಟ್ಟವನ್ನು ನೋಡಿದೆವು. ಅದು ಸಾಮಾನ್ಯವಾಗಿತ್ತು, ಮಾಸ್ಟ್ ಕೋಶಗಳೇ ಅತಿಯಾಗಿ ಬೆಳೆಯುವ ಕಾಯಿಲೆಯ ಅನುಮಾನ ದೂರವಾಯಿತು.

ಈಗ ಆ ಹಳೆಯ ಚೀಟಿಯನ್ನು ಮತ್ತೊಮ್ಮೆ ಓದಿ. ಅನಸ್ತೇಷಿಯಾ ಅಲರ್ಜಿ. ಅವರಿಗೆ ಆಗದಿದ್ದದ್ದು ಅನಸ್ತೇಷಿಯಾದ ಔಷಧವೇ ಅಲ್ಲ. ನನ್ನನ್ನು ನಿಜಕ್ಕೂ ನಡುಗಿಸಿದ್ದು ಇದರ ಮುಂದಿನ ಯೋಚನೆ. ಸೆಫ್ಟ್ರಿಯಾಕ್ಸೋನ್ ಆಪರೇಷನ್ ಕೋಣೆಗೆ ಸೀಮಿತವಾದ ಔಷಧವಲ್ಲ. ಜ್ವರ, ಟೈಫಾಯಿಡ್, ಮೂತ್ರದ ಸೋಂಕು ಎಂದು ತಾಲ್ಲೂಕಿನಲ್ಲೂ ಹೋಬಳಿಯಲ್ಲೂ ಅದನ್ನು ಚುಚ್ಚುತ್ತಾರೆ. ಜ್ವರ ಬಂದಾಗ ಈ ಅಮ್ಮ ‘ನನಗೆ ಅನಸ್ತೇಷಿಯಾ ಅಲರ್ಜಿ’ ಎಂದು ಹೇಳಿದ್ದರೆ ‘ಇದು ಅದಲ್ಲ, ಜ್ವರದ ಇಂಜೆಕ್ಷನ್’ ಎಂದು ಧೈರ್ಯ ಹೇಳಿ ಅದನ್ನೇ ಕೊಡುತ್ತಿದ್ದರು. ಅಲ್ಲಿ ಮಾನಿಟರ್ ಇರುತ್ತಿರಲಿಲ್ಲ, ಉಸಿರಿನ ಕೊಳವೆ ಇರುತ್ತಿರಲಿಲ್ಲ. ಬೇಕಾದ ಆಪರೇಷನ್ ತಪ್ಪಿಸಿದ ಆ ಎರಡು ಪದಗಳು ಬೇಡವಾದ ಇಂಜೆಕ್ಷನ್ನನ್ನು ತಡೆಯಲು ಏನೂ ಮಾಡುತ್ತಿರಲಿಲ್ಲ. ಶ್ರಾವಣದಿಂದ ಕಾರ್ತಿಕದವರೆಗೆ ಅವರಿಗೆ ಜ್ವರ ಬಾರದಿದ್ದದ್ದು ಅದೃಷ್ಟ.

ಆದ್ದರಿಂದ ನಾವು ಕೊಟ್ಟ ಕಾರ್ಡಿನಲ್ಲಿ ಔಷಧಗಳ ಹೆಸರನ್ನೇ ಬರೆದಿದ್ದೇವೆ, ಕನ್ನಡದಲ್ಲಿ ಒಂದು ಕಡೆ, ಇಂಗ್ಲಿಷಿನಲ್ಲಿ ಇನ್ನೊಂದು ಕಡೆ. ಸೆಫ್ಟ್ರಿಯಾಕ್ಸೋನ್ ಕೊಡಬಾರದು. ಅಣುವಿನ ಪಕ್ಕಕ್ಕೆ ಅಂಟಿಕೊಂಡ ಭಾಗ, ಅಂದರೆ ಪಾರ್ಶ್ವ ಸರಪಳಿ, ಅದೇ ಬಗೆಯದಾಗಿರುವ ಆಂಟಿಬಯೋಟಿಕ್‌ಗಳಾದ ಸೆಫೊಟ್ಯಾಕ್ಸಿಮ್, ಸೆಫೆಪಿಮ್, ಸೆಫ್‌ಪೊಡಾಕ್ಸಿಮ್, ಸೆಫ್ಯುರಾಕ್ಸಿಮ್ ಕೂಡ ಕೊಡಬಾರದು. ಪ್ರೊಪೊಫಾಲ್, ಫೆಂಟನಿಲ್, ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ ಪರೀಕ್ಷಿಸಲಾಗಿದೆ, ನೆಗೆಟಿವ್. ಏನು ಕೊಡಬಹುದು ಎಂಬುದೂ ಕಾರ್ಡಿನಲ್ಲಿ ಇರಬೇಕು ಎಂಬುದು ನನ್ನ ಹಟ. ಮಗ ಅದರ ಫೋಟೊ ತೆಗೆದು ಮನೆಯವರೆಲ್ಲರ ಮೊಬೈಲಿಗೆ ಕಳುಹಿಸಿದ. ಊರಿನ ಔಷಧ ಅಂಗಡಿಯವರಿಗೂ ಒಂದು ಪ್ರತಿ ಕೊಟ್ಟನಂತೆ. ಆ ಬುದ್ಧಿ ನನಗೆ ಹೊಳೆದಿರಲಿಲ್ಲ, ಈಗ ಎಲ್ಲರಿಗೂ ಹೇಳುತ್ತೇನೆ.

ಆಪರೇಷನ್ ಸುಗಮವಾಗಿ ಆಯಿತು. ಪ್ರೊಪೊಫಾಲ್, ಫೆಂಟನಿಲ್, ವೆಕ್ಯುರೋನಿಯಂ ಕೊಟ್ಟೆ, ಒಂದೊಂದರ ನಡುವೆ ಬಿಡುವು ಕೊಟ್ಟು, ಏನಾದರೂ ಆದರೆ ಯಾವುದರಿಂದ ಎಂದು ತಿಳಿಯುವಂತೆ. ತೊಡಕಿಲ್ಲದ ಪಿತ್ತಕೋಶದ ಲ್ಯಾಪರೊಸ್ಕೋಪಿಗೆ ಆಂಟಿಬಯೋಟಿಕ್ ಕಡ್ಡಾಯವಲ್ಲ. ಶಸ್ತ್ರಚಿಕಿತ್ಸಕರೊಂದಿಗೆ ಚರ್ಚಿಸಿ ಅದನ್ನು ಕೊಡಲೇ ಇಲ್ಲ.

‘ಅನಸ್ತೇಷಿಯಾ ಅಲರ್ಜಿ’ ಎಂಬ ಚೀಟಿಯ ಹಿಂದೆ ಅಲರ್ಜಿಯೇ ಅಲ್ಲದ್ದೂ ಇರುತ್ತದೆ. ನಮ್ಮ ಸೀಮೆಯಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಸ್ಕೋಲಿನ್ ತೊಂದರೆ. ಸ್ಕೋಲಿನ್ ಎಂದು ನಾವು ಕರೆಯುವ ಸಕ್ಸಾಮೆಥೋನಿಯಂ ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲಗೊಳಿಸಿ ಕರಗಿಹೋಗಬೇಕು. ಅದನ್ನು ಕರಗಿಸುವ ಕಿಣ್ವ ರಕ್ತದಲ್ಲಿ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಗಂಟೆಗಟ್ಟಲೆ ಉಸಿರು ಮರಳುವುದಿಲ್ಲ, ವೆಂಟಿಲೇಟರಿನಲ್ಲಿ ಇಟ್ಟು ಕಾಯಬೇಕು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚು ಎಂಬುದು ಅಧ್ಯಯನಗಳಿಂದ ತಿಳಿದಿದೆ. 2006ರಲ್ಲಿ ಅದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನೂ ಗುರುತಿಸಿದರು. ದಾವಣಗೆರೆ, ಚಿತ್ರದುರ್ಗದ ಅರಿವಳಿಕೆ ವೈದ್ಯರು ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರ ತಡವಾಯಿತೇ ಎಂದು ಕೇಳುವುದು ಇದಕ್ಕೇ. ಇದು ಅಲರ್ಜಿಯಲ್ಲ, ಚರ್ಮದ ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ. ರಕ್ತದಲ್ಲಿ ಆ ಕಿಣ್ವದ, ಅಂದರೆ ಸ್ಯೂಡೊಕೋಲಿನೆಸ್ಟರೇಸ್‌ನ, ಮಟ್ಟ ನೋಡಬೇಕು. ಒಬ್ಬರಿಗೆ ಇದ್ದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು, ಏಕೆಂದರೆ ಅದು ವಂಶದಲ್ಲಿ ಬರುವಂಥದ್ದು.

ಆ ಅಮ್ಮನನ್ನು ಮನೆಗೆ ಕಳುಹಿಸುವ ದಿನ ಮಗಳು ತನ್ನ ಬಸಿರಿನ ದಾಖಲೆಯಾದ ‘ತಾಯಿ ಕಾರ್ಡ್’ ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿ ಕೆಂಪು ಶಾಯಿಯಲ್ಲಿ ‘ತಾಯಿಗೆ ಅನಸ್ತೇಷಿಯಾ ಅಲರ್ಜಿ ಇದೆ’ ಎಂದು ಬರೆದಿತ್ತು. ಸಿಸೇರಿಯನ್ ಬೇಕಾದರೆ ಬೆನ್ನಿಗೆ ಇಂಜೆಕ್ಷನ್ ಕೊಡುವುದು ಹೇಗೆ ಎಂಬ ಭಯದಿಂದ ದೊಡ್ಡ ಊರಿಗೆ ಹೋಗಿ ಎಂದು ಹೇಳಿದ್ದರಂತೆ. ‘ನನಗೂ ಇರುತ್ತದೆಯೇ ಮೇಡಂ?’ ಎಂದು ಕೇಳಿದಳು. ತಾಯಿಗೆ ಒಂದು ಔಷಧಕ್ಕೆ ಇಂಥ ಅಲರ್ಜಿ ಇದ್ದ ಮಾತ್ರಕ್ಕೆ ಮಗಳಿಗೆ ಆ ಔಷಧ ಬಿಡಿಸಬೇಕಾಗಿಲ್ಲ, ಪರೀಕ್ಷೆಯೂ ಬೇಕಿಲ್ಲ ಎಂದು ವಿವರಿಸಿದೆ. ಅವಳು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡಳು. ಕಾರ್ಡಿನ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ‘ತಾಯಿಗೆ ಸೆಫ್ಟ್ರಿಯಾಕ್ಸೋನ್ ಅಲರ್ಜಿ, ಈಕೆಗೆ ಯಾವುದೇ ನಿರ್ಬಂಧವಿಲ್ಲ’ ಎಂದು ಬರೆದು, ಸಹಿ, ಮೊಹರು, ನನ್ನ ಫೋನ್ ಸಂಖ್ಯೆ ಹಾಕಿಕೊಟ್ಟೆ. ಮರುತಿಂಗಳು ಅವಳ ತಾಲ್ಲೂಕು ಆಸ್ಪತ್ರೆಯಿಂದ ಅರಿವಳಿಕೆ ವೈದ್ಯರು ಫೋನ್ ಮಾಡಿ, ಕಾರ್ಡಿನಲ್ಲಿ ಬರೆದಿರುವುದು ನಾನೇ ಬರೆದದ್ದೇ ಎಂದು ವಿಚಾರಿಸಿಕೊಂಡರು. ಹೌದೆಂದೆ. ಹೆರಿಗೆ ಅಲ್ಲಿಯೇ ಆಯಿತು.